ಆರೋಪಿಯಾಗಲು ಹೆಣಗಿದ ಸರ್

ಹೋದ ತಿಂಗಳು ನಡೆದ ಸರ್ ಅವರ ಶೋಕಸಭೆಯಲ್ಲಿ ಮಾತಾಡಿದವರೆಲ್ಲ ಅವರನ್ನು ಅಜಾತಶತ್ರು ಎಂದರು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಹೇಳಬಾರದೆಂಬ ನಿಯಮ ಶೋಕಸಭೆಗಳಿಗೆ ಇಲ್ಲ. ನಾನು ಹಿಂದಿನ ಕುರ್ಚಿಯಲ್ಲಿ ಕೂತು ಯೋಚಿಸುತ್ತಿದ್ದೆ. ಬೆಳಗಾದರೆ ಕೋಟಿಗಟ್ಟಲೆ ಜೀವಗಳಿಗೆ ಉಣಿಸಿ ತಿನಿಸಿ ಬೆಳೆಸಿ, ಪಾಠ ಮುಗಿದ ಮೇಲೆ ಅವನ್ನೆಲ್ಲ ಉಗಿಯ ಪಾತ್ರೆಗೆ ಹಾಕಿ ಕೊಲ್ಲುವುದೇ ವೃತ್ತಿಯಾಗಿದ್ದ ಮನುಷ್ಯನಿಗೆ ಈ ಬಿರುದು ಎಷ್ಟರಮಟ್ಟಿಗೆ ಒಪ್ಪುತ್ತದೆ? ಆದರೆ ಸತ್ತ ರೋಗಾಣುಗಳ ಪರವಾಗಿ ಎದ್ದು ನಿಲ್ಲುವವರು ಸಭೆಯಲ್ಲಿ ಯಾರೂ ಇರಲಿಲ್ಲ. ಠರಾವು ಸರ್ವಾನುಮತದಿಂದ ಪಾಸಾಯಿತು.

ಅವರ ಹೆಸರನ್ನು ನಾನು ಬರೆಯುವುದಿಲ್ಲ. ಬರೆದರೆ ಅವರ ಮನೆಯವರು ಬಾಸುಂದಿಯ ಪ್ರಕರಣ ಬೇಡವೆನ್ನುತ್ತಾರೆ. ಬಾಸುಂದಿಯನ್ನು ಬಿಟ್ಟರೆ ನನಗೆ ಬರೆಯಲು ಹೆಚ್ಚೇನೂ ಉಳಿಯುವುದಿಲ್ಲ.

ಸಾಂಗಲಿ ಮಿರಜಗಳ ನಡುವಿನ ಒಂದು ಕಾಲೇಜಿನಲ್ಲಿ ಅವರು ಸೂಕ್ಷ್ಮಜೀವಶಾಸ್ತ್ರದ ಮುಖ್ಯಸ್ಥರಾಗಿದ್ದರು. ನಾನು ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದೆ. ವಿಶ್ರಾಮಬಾಗದಲ್ಲಿ ನಮ್ಮ ಮನೆಗಳು ಒಂದೇ ಓಣಿಯಲ್ಲಿದ್ದವು. ಮರಾಠಿಯಲ್ಲಿ ಜಂತು ಅಂದರೆ ರೋಗಾಣು. ಹುಡುಗರು ಅವರಿಗೆ ‘ಜಂತು ಸರ್’ ಎಂದು ಹೆಸರಿಟ್ಟಿದ್ದರು. ಅದು ಅವರಿಗೂ ಗೊತ್ತಿತ್ತು. ಆಕ್ಷೇಪಣೆ ಇರಲಿಲ್ಲ.

ಅವರದು ಸಾಂಗಲಿಯ ಪೇಟೆಯಲ್ಲಿ ಅರಿಸಿನ, ಬೆಲ್ಲದ ಅಡತಿ ವ್ಯಾಪಾರ ಇದ್ದ ಮನೆತನ. ಯಾವುದೋ ತಲೆಮಾರಿನಲ್ಲಿ ಕನ್ನಡದ ಕಡೆಯಿಂದ ವ್ಯಾಪಾರಕ್ಕೆ ಬಂದು, ಅಂಗಡಿಯಲ್ಲಿ ಮರಾಠಿ, ಅಡಿಗೆಮನೆಯಲ್ಲಿ ಕನ್ನಡ ಎಂದು ಹಂಚಿಕೊಂಡು ನೆಲೆ ನಿಂತವರು. ಮಗ ಈ ವಿಷಯ ಓದುತ್ತೇನೆಂದಾಗ ಅವರಪ್ಪ ಕೇಳಿದರಂತೆ: “ಮಾಲ ಕಣ್ಣಿಗೆ ಕಾಣೂದಿಲ್ಲ, ಕೈಯಾಗ ಹಿಡಿಯಾಕ ಬರೂದಿಲ್ಲ, ಗಿರಾಕಿ ಬ್ಯಾಡ ಅಂದ್ರೂ ಮನಿಗೆ ಹೋಗಿ ಕುಂದರತೈತಿ. ಇದ್ಯಾವ ಧಂದೇನೋ ಮಾರಾಯಾ?” ಸೂಕ್ಷ್ಮಜೀವಶಾಸ್ತ್ರಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯೆ ತಮಗೆ ಯಾವ ಪುಸ್ತಕದಲ್ಲೂ ಸಿಕ್ಕಿಲ್ಲವೆಂದು ಸರ್ ಹೇಳುತ್ತಿದ್ದರು.

ಪಾಠ ಮಾಡುವಾಗ ಅವರಿಗೆ ಯುದ್ಧದ ಭಾಷೆ ಸೇರುತ್ತಿರಲಿಲ್ಲ. ಯಾವ ಹುಡುಗನಾದರೂ ‘ರೋಗಾಣುಗಳ ದಾಳಿ’ ಎಂದು ಬರೆದರೆ ಅದರ ಕೆಳಗೆ ಕೆಂಪು ಗೆರೆ ಬೀಳುತ್ತಿತ್ತು. ಒಮ್ಮೆ ಒಬ್ಬ ಹುಡುಗಿ ಎದ್ದು, “ಸರ್, ಅವಕ್ಕ ನಮ್ಮ ಮ್ಯಾಲ ಏನ ಸಿಟ್ಟರಿ?” ಎಂದು ಕೇಳಿದಳು.

“ಸಿಟ್ಟ? ನಿನ್ನ ಹೆಸರ ಸುದ್ದ ಅವಕ್ಕ ಗೊತ್ತಿಲ್ಲ ತಂಗಿ. ಅವಕ್ಕ ಸಂಸಾರ ನಡಸೂದೈತಿ, ಅಷ್ಟ.”

ರೋಗ ಹೇಗೆ ಹತ್ತುತ್ತದೆ ಎಂಬುದಕ್ಕೆ ಅವರು ಮಿರಜ ಜಂಕ್ಷನ್ನಿಗೆ ಕರೆದುಕೊಂಡು ಹೋಗುತ್ತಿದ್ದರು, ಮಾತಿನಲ್ಲಿ. “ದಿನಾ ಅಲ್ಲಿ ಎಷ್ಟ ಮಂದಿ ಇಳೀತಾರ? ಅದರಾಗ ಮಿರಜದಾಗ ಉಳಿಯಾವ್ರ ಎಷ್ಟ? ಚಾ ಕುಡದು ಮುಂದಿನ ಗಾಡಿ ಹಿಡಿಯಾವ್ರಽ ಭಾಳ. ಜಂತುಗಳೂ ಹಂಗ. ನಿಮ್ಮ ಮೂಗಿನ್ಯಾಗ, ಬಾಯಾಗ ಲಕ್ಷಗಟ್ಟಲೆ ಇಳೀತಾವ. ಸೀನಿನ ಜೋಡಿ, ಉಗುಳಿನ ಜೋಡಿ ಹೊಂಟ ಹೋಗ್ತಾವ. ಯಾವುದಕ್ಕ ಹಿಡಕೊಳ್ಳಾಕ ಗ್ವಾಡಿ ಸಿಕ್ತು, ಅದು ಊರಾಗ ಉಳೀತು. ಇಳಿಯೂದು ರೋಗ ಅಲ್ಲ, ಉಳಿಯೂದು ರೋಗ.”

ಒಂದೊಂದು ರೋಗಾಣುವಿನ ನಡತೆಯನ್ನೂ ಅವರು ನೆರೆಮನೆಯವರ ಬಗ್ಗೆ ಹೇಳುವಷ್ಟು ಸಲಿಗೆಯಿಂದ ಹೇಳುತ್ತಿದ್ದರು. ಕಾಲರಾದ್ದು ಮನೆಯ ಒಳಗೇ ಬರುವುದಿಲ್ಲ; ಬಾಗಿಲಲ್ಲಿ ನಿಂತುಕೊಂಡೇ ಮನೆಯ ನಳಗಳನ್ನೆಲ್ಲ ಬಿಡಿಸುತ್ತದೆ, ಮನೆಯವರು ನೀರು ಹರಿದು ಹರಿದೇ ಬರಿದಾಗುತ್ತಾರೆ. ಕ್ಷಯದ್ದು ಇನ್ನೂ ಧೈರ್ಯಸ್ಥ. ಹಿಡಿಯಲು ಬಂದ ಪೊಲೀಸಿನವನ, ಅಂದರೆ ನಮ್ಮ ಬಿಳಿ ರಕ್ತಕಣದ, ಹೊಟ್ಟೆಯೊಳಗೇ ಬಾಡಿಗೆಗೆ ಇರುತ್ತದೆ. ಧನುರ್ವಾಯುವಿನದು ಕಾಲಿನ ಮೊಳೆಗಾಯದಲ್ಲಿ ಕೂತು ದವಡೆಗೆ ಕೀಲಿ ಹಾಕಿಸುತ್ತದೆ. ಇನ್ನು ಜ್ವರ, ಬಾವು, ಕೀವು ಇವುಗಳಲ್ಲಿ ಅರ್ಧ ನಮ್ಮವರದೇ ಕೆಲಸ. “ಪ್ಯಾಟ್ಯಾಗ ಕಳ್ಳ ಹೊಕ್ಕ. ಅವ ಕದ್ದದ್ದು ಒಂದ ಪೆಂಟಿ ಬೆಲ್ಲ. ಅವನ್ನ ಹಿಡಿಯಾಕ ಬಂದ ಪೊಲೀಸರು ಲಾಠಿ ಬೀಸಿ ಇಡೀ ಸಾಲಿನ ಅಂಗಡಿ ಒಡದ್ರು. ಲುಕ್ಸಾನ ಯಾರ ಲೆಕ್ಕಕ್ಕ ಬರಕೋತೀರಿ?”

ಅಥಣಿ, ರಾಯಬಾಗ, ಜಮಖಂಡಿಗಳಿಂದ ಮಿರಜದ ದವಾಖಾನೆಗಳಿಗೆ ಬರುವ ನೆಂಟರು ಅವರ ಮನೆಯಲ್ಲಿ ಇಳಿಯುತ್ತಿದ್ದರು. ಅಲ್ಲಿಯ ಕನ್ನಡದ ಮನೆಗಳಿಗೆಲ್ಲ ಈ ಭಾಗ್ಯ ಇದ್ದದ್ದೇ. ಹಾಗೆ ಬಂದ ಒಬ್ಬ ಮಾವ, ಜ್ವರ ಬಿಟ್ಟಿತೆಂದು ಮಾತ್ರೆ ನುಂಗುವುದನ್ನು ನಡುವೆಯೇ ಬಿಟ್ಟರು. ಸರ್ ಅವರನ್ನು ಎದುರಿಗೆ ಕೂರಿಸಿಕೊಂಡು, “ಮಾಮಾ, ಅರ್ಧ ಕಳ್ಳರನ್ನ ಜೇಲಿಗೆ ಕಳಿಸಿ, ಉಳಿದವ್ರಿಗೆ ಪೊಲೀಸರ ಮಾರಿ ಗುರ್ತ ಮಾಡಿಸಿ ಬಿಟ್ರಿ ನೀವು. ಇನ್ನೊಮ್ಮೆ ಅವ್ರು ಸಿಗತಾರೇನು?” ಎಂದರು. ಮಾವ ಹೆದರಿ ಉಳಿದ ಮಾತ್ರೆಗಳನ್ನೆಲ್ಲ ಒಟ್ಟಿಗೇ ನುಂಗಲು ಹೋದರು. ಅದನ್ನು ತಡೆಯಲು ಇನ್ನೊಂದು ಉಪಮೆ ಬೇಕಾಯಿತು.

ಇಷ್ಟು ತಿಳಿದವರು ಹೇಗೆ ಬದುಕುತ್ತಿದ್ದರು ಎಂದರೆ, ಅರ್ಧ ಶಾಸ್ತ್ರದ ಹಾಗೆ, ಅರ್ಧ ಎಲ್ಲರ ಹಾಗೆ. ಮಹಾಮಾರಿಗೆ ಎಷ್ಟೋ ವರ್ಷ ಮೊದಲಿನಿಂದ ಅವರು ಬಾಗಿಲನ್ನು ಮೊಣಕೈಯಿಂದ ದೂಡುತ್ತಿದ್ದರು, ದೂರದಿಂದಲೇ ಕೈ ಮುಗಿಯುತ್ತಿದ್ದರು. ಮಹಾಮಾರಿ ಬಂದು ಊರಿಗೆ ಊರೇ ಹಾಗೆ ಮಾಡತೊಡಗಿದಾಗ ಅವರಿಗೆ ಒಂದು ಬಗೆಯ ಮುನಿಸು ಬಂತು. ಆದರೆ ಅದೇ ಮನುಷ್ಯ ಸಂಜೆ ಚೌಕದ ಗಾಡಿಯ ಮುಂದೆ ಧೂಳಲ್ಲಿ ನಿಂತು ಭೇಳ ತಿನ್ನುತ್ತಿದ್ದರು. ಒಮ್ಮೆ ತಿನ್ನುತ್ತಿರುವಾಗಲೇ ಹಿಡಿದೆ.

“ಸರ್, ನೀವಽ ಇಲ್ಲಿ?”

“ಒಬ್ಬ ಬಂದ್ರ ಬೀಗ. ಇಬ್ಬರ ಬಂದ್ರೂ ಬೀಗರಽ. ಊರಿಗೆ ಊರಽ ಬಂದ್ರ ಅದು ದಿಬ್ಬಣ, ಮನಿ ಏಳೂದಿಲ್ಲ. ಈ ಭೇಳದಾಗ ಎಷ್ಟ ಮಂದಿ ಬಂದಾರ ಅನ್ನೂದು ಮುಖ್ಯ.”

“ಎಷ್ಟ ಮಂದಿ ಬಂದಾರ್ರಿ?”

“ಅದು ನಾಳೆ ಮುಂಜಾನೆ ತಿಳೀತೈತಿ,” ಎಂದು ಇನ್ನಷ್ಟು ಕೊತ್ತಂಬರಿ ಹಾಕಿಸಿಕೊಂಡರು.

ಅವರ ನಿವೃತ್ತಿಯ ವಾರದಲ್ಲಿ ಬಲಗೈಯ ತೋರುಬೆರಳಿಗೆ ಉಗುರುಸುತ್ತಾಯಿತು. ಮರುದಿನ ನೋಡುತ್ತೇನೆ, ಬೆರಳಿಗೆ ಒಂದು ನಿಂಬೆಹಣ್ಣು ಸಿಕ್ಕಿಸಿಕೊಂಡು ಬಂದಿದ್ದಾರೆ. ಆ ನಿಂಬೆಹಣ್ಣಿನಿಂದಲೇ ಹಲಗೆಯ ಕಡೆ ತೋರಿಸುತ್ತ, ಸ್ಟೆಫೈಲೊಕಾಕಸ್ ಎಂಬ ರೋಗಾಣು ಚರ್ಮದ ಸಣ್ಣ ಬಿರುಕಿನಲ್ಲಿ ಹೇಗೆ ಹೊಕ್ಕು ಸುತ್ತ ಗೋಡೆ ಕಟ್ಟಿಕೊಂಡು ಕೂರುತ್ತದೆಂದು ಪಾಠ ಮಾಡುತ್ತಿದ್ದರು. ಹುಡುಗರು ಒಬ್ಬರೂ ನಗದೆ ಬರೆದುಕೊಳ್ಳುತ್ತಿದ್ದರು. ಗುರುಭಕ್ತಿ ನಮ್ಮಲ್ಲಿ ಇನ್ನೂ ಪೂರ್ತಿ ಹೋಗಿಲ್ಲ.

“ಸರ್, ಇದರಿಂದ ಬ್ಯಾಕ್ಟೀರಿಯಾ ಸಾಯ್ತಾವೇನ್ರಿ?” ಎಂದು ನಾನು ಕೇಳಿದೆ.

“ಇಲ್ಲ.”

“ಮತ್ತ?”

“ಅವ್ವ ಹಾಕತಿದ್ದಳು. ತಂಪ ಅನಸತೈತಿ.”

ಇನ್ನು ಬಾಸುಂದಿ. ನಮ್ಮ ಕಾಲೇಜಿನ ಕ್ಯಾಂಟೀನು ನಡೆಸುತ್ತಿದ್ದವಳು ಸಲಗರೆ ಎಂಬ ಹಳ್ಳಿಯ ಒಬ್ಬ ಹೆಣ್ಣುಮಗಳು. ಪ್ರಿನ್ಸಿಪಾಲರಿಂದ ಹಿಡಿದು ಎಲ್ಲರಿಗೂ ಆಕೆ ಮಾವಶಿ, ಅಂದರೆ ಚಿಕ್ಕಮ್ಮ. ಆಕೆಯ ಕೈಯಡಿಗೆಯ ಹೆಸರು ಎಷ್ಟಿತ್ತೆಂದರೆ, ನಮ್ಮ ನೌಕರರ ಮನೆಗಳ ಲಗ್ನಕ್ಕೂ ಆಕೆಯನ್ನೇ ಕರೆಯುತ್ತಿದ್ದರು. ಸರ್ ಅವರ ಬೀಳ್ಕೊಡುಗೆಯ ಊಟವೂ ಆಕೆಯದೇ. ಹಿಂದಿನ ಸಂಜೆ ದೊಡ್ಡ ಪಾತೇಲಿಯಲ್ಲಿ ಹಾಲು ಬತ್ತಿಸಿ ಬಾಸುಂದಿ ಮಾಡಿ ಆರಲು ಇಳಿಸಿದ್ದಳು. ಅಲ್ಲಿಗೆ ಸರ್ ಹೋದರು, ನಾನೂ ಜೊತೆಗಿದ್ದೆ.

ಬಾಸುಂದಿಯ ಹದ ಚಮಚೆಗೆ ತಿಳಿಯುವುದಿಲ್ಲ, ಬೆರಳಿಗೇ ತಿಳಿಯಬೇಕು ಎಂಬುದು ಅವರ ತಾಯಿಯ ಸಿದ್ಧಾಂತ. ಪಾತೇಲಿಯ ಅಂಚಿಗೆ ಹತ್ತಿದ ಕೆನೆಯನ್ನು ಬೆರಳಿಂದಲೇ ಬಿಡಿಸಿ ಒಳಗೆ ದೂಡಬೇಕು, ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ ನೋಡಬೇಕು. ಅವರು ಪಾತೇಲಿಯ ಮೇಲೆ ಬಾಗಿದ್ದೇ ಮಾವಶಿ ಚೀರಿದಳು.

“ಸರ್! ಆ ನಿಂಬಿಹಣ್ಣ ತಗೊಂಡ ಹಾಲಿನ ಸನಿಹ ಬರಬ್ಯಾಡ್ರಿ, ಒಡದೀತ! ತೆಗೀರಿ ಮೊದಲ ಅದನ್ನ!”

ಮಾತು ನ್ಯಾಯವಾದದ್ದು. ಸರ್ ನಿಂಬೆಹಣ್ಣು ತೆಗೆದು ಬದಿಗಿಟ್ಟು, ಬೆರಳು ಅದ್ದಿ ಹದ ನೋಡಿದರು. ಬಹಳ ಹೊತ್ತು ನೋಡಿದರು. “ಅವ್ವನ ಕೈಯಿಂದು ನೆಪ್ಪಾತು ಮಾವಶಿ,” ಎಂದರು. ಆಕೆ ಸಂತೋಷದಿಂದ ಮೊದಲು ಒಂದು ಸಣ್ಣ ಬಟ್ಟಲಲ್ಲಿ, ಅಲ್ಲಿಯವರ ವಾಟಿಯಲ್ಲಿ, ನೈವೇದ್ಯಕ್ಕೆಂದು ತೆಗೆದು, ಕ್ಯಾಂಟೀನಿನ ಗೂಡಿನಲ್ಲಿದ್ದ ದೇವರ ಮುಂದೆ ಮುಚ್ಚಿಟ್ಟಳು.

ಆಮೇಲೆ ಪಾತೇಲಿಯನ್ನು ಇಡುವುದೆಲ್ಲಿ ಎಂಬ ಪ್ರಶ್ನೆ. ಕ್ಯಾಂಟೀನಿನ ಫ್ರಿಜ್ಜು ಕೆಟ್ಟಿತ್ತು. ಸೂಕ್ಷ್ಮಜೀವ ವಿಭಾಗದಲ್ಲಿ ಕೋಣೆಯಷ್ಟು ದೊಡ್ಡ ಫ್ರಿಜ್ಜು ಇತ್ತು. ಅದರ ಮೇಲೆ ‘ಇಲ್ಲಿ ತಿನ್ನುವ ಪದಾರ್ಥ ಇಡಕೂಡದು’ ಎಂದು ಸರ್ ತಮ್ಮ ಕೈಯಾರೆ ಬರೆದು ಅಂಟಿಸಿದ ಫಲಕವೂ ಇತ್ತು.

“ಒಂದ ರಾತ್ರೀದು ಮಾತ,” ಎಂದೆ.

“ನಾಳೆ ರಿಟಾಯರ್ ಆಗಾಂವ ಇವತ್ತ ನಿಯಮ ಮುರೀಬೇಕೇನು?” ಎಂದು ಅವರು ಎದೆ ಸೆಟೆಸಿದರು. ನಿಯಮ ಉಳಿಯಿತು. ಬಾಸುಂದಿ ತೆಳು ಬಟ್ಟೆ ಹೊದ್ದುಕೊಂಡು ಕ್ಯಾಂಟೀನಿನ ಮೇಜಿನ ಮೇಲೆ, ಸಾಂಗಲಿಯ ಬೇಸಗೆಯಲ್ಲಿ, ರಾತ್ರಿ ಕಳೆಯಿತು.

ಬೆಳಿಗ್ಗೆ ಇದರ ಬಗ್ಗೆ ಒಂದು ತಜ್ಞರ ಸಭೆಯೇ ನಡೆಯಿತು. ಇಡೀ ವಿಭಾಗ, ಹಳೆಯ ವಿದ್ಯಾರ್ಥಿಗಳು, ಬೇರೆ ಕಾಲೇಜುಗಳಿಂದ ಬಂದ ಅತಿಥಿ ಪ್ರಾಧ್ಯಾಪಕರು, ಎಲ್ಲರೂ ಸೂಕ್ಷ್ಮಜೀವಶಾಸ್ತ್ರದಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವರು. “ಮತ್ತೊಮ್ಮೆ ಚಲೋತ್ನ್ಯಾಗ ಕುದಿಸೂಣು, ಏನ ಇದ್ರೂ ಸಾಯ್ತೈತಿ,” ಎಂದು ಒಮ್ಮತಕ್ಕೆ ಬಂದರು. ಕುದಿಸಿದರು. ಸತ್ತವು, ಒಂದೂ ಉಳಿಯದೆ ಸತ್ತವು. ಆದರೆ ಸಾಯುವ ಮೊದಲು ರಾತ್ರಿಯೆಲ್ಲ ಕೂತು ಅವು ಹಾಲಿಗೆ ಬಿಟ್ಟ ವಿಷ, ಕುದಿಸಿದರೆ ಸಾಯುವ ಜಾತಿಯದಲ್ಲ. ಕಳ್ಳ ಸತ್ತರೂ ಅವನು ಬಾವಿಗೆ ಹಾಕಿದ್ದು ಬಾವಿಯಲ್ಲೇ ಇರುತ್ತದೆ. ಇದನ್ನು ಆ ಸಭೆಯಲ್ಲಿದ್ದ ಪ್ರತಿಯೊಬ್ಬರೂ ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತ ಬಂದಿದ್ದರು, ಪ್ರಶ್ನೆಪತ್ರಿಕೆಯಲ್ಲಿ ಕೇಳುತ್ತ ಬಂದಿದ್ದರು. ಆದರೆ ಪಾಠದ ಬ್ಯಾಕ್ಟೀರಿಯಾ ಬೇರೆ, ಬಾಸುಂದಿ ಬೇರೆ.

ಊಟ ಮೊದಲು, ಸತ್ಕಾರ ಆಮೇಲೆ ಎಂದಾಯಿತು. ನಮ್ಮ ಸಂಸ್ಥೆಯ ಸಂಚಾಲಕರು, ಸಿಮೆಂಟಿನ ವ್ಯಾಪಾರಿ, ಎಲ್ಲರೂ ಆಬಾ ಎಂದು ಕರೆಯುವ ಹಿರಿಯರು, ಮೂರು ವಾಟಿ ಬಾಸುಂದಿ ಉಂಡು ಪ್ರಿನ್ಸಿಪಾಲರ ಕೋಣೆಯಲ್ಲಿ ಒರಗಿದ್ದರಿಂದ ಸಭೆ ತಡವಾಗಿ ಶುರುವಾಯಿತು. ನನಗೆ ಸಕ್ಕರೆ ಕಾಯಿಲೆ. ನಾನು ಬರೀ ಚಪಾತಿ ತಿಂದಿದ್ದೆ.

ಶಾಲು ಹೊದಿಸಿ, ಫಲಕ ಕೊಟ್ಟು, ಆಬಾ ಮೈಕಿನ ಮುಂದೆ ನಿಂತರು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಇಬ್ಬರು ಎದ್ದು ಹೋದರು. ಆಮೇಲೆ ನಡುವಿನ ಸಾಲಿನವರು ಎದ್ದರು. ನಡಿಗೆಯಲ್ಲಿ ಒಂದು ತುರ್ತು ಇತ್ತು. “ಸರ್ ಅವರು ಆಯುಷ್ಯದುದ್ದಕ್ಕೂ ರೋಗಜಂತುಗಳಿಂದ ಮನುಷ್ಯಕುಲವನ್ನ ಕಾಪಾಡಿದ—” ಎಂದವರೇ ಆಬಾ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು, ಹಾರಗಳ ಬುಟ್ಟಿಯ ಕಡೆ ಓಡಿದರು. ನಮ್ಮ ಸಭಾಗೃಹಕ್ಕೆ ಎರಡೇ ಶೌಚಾಲಯ. ಮುಂದಿನದನ್ನು ವರ್ಣಿಸುವುದು ಸಾಹಿತ್ಯದ ಕೆಲಸವಲ್ಲ.

ಆಗ ಸರ್ ಮೈಕು ಹಿಡಿದರು. ಅವರ ಮುಖವೂ ಹಳದಿಗಟ್ಟಿತ್ತು, ಹಣೆಯ ಮೇಲೆ ಬೆವರು; ಆದರೆ ಕಣ್ಣು ಮಾತ್ರ ಹಬ್ಬದ ಹಾಗಿತ್ತು.

“ಗಾಬರಿ ಆಗಬ್ಯಾಡ್ರಿ! ಯಾರಿಗರೆ ಜ್ವರ ಐತೇನು? ಇಲ್ಲ? ಊಟ ಮಾಡಿ ಕೆಲವು ತಾಸಿನ್ಯಾಗ ಶುರು ಆತು, ಜ್ವರ ಇಲ್ಲ, ವಾಂತಿ ಜೋರ. ಸ್ಟೆಫ್! ಸ್ಟೆಫ್‌ದು ವಿಷಾ! ಅದು ಹೊಟ್ಟಿ ಕಚ್ಚೂದಿಲ್ಲ, ಹೊಟ್ಟಿಯೊಳಗಿನ ನರದ ಗಂಟಿ ಬಾರಸತೈತಿ. ಗಂಟಿ ಕೇಳಿ ಮೆದುಳ ಹುಕುಂ ಕೊಡತೈತಿ. ಯಾರೂ ಸಾಯಂಗಿಲ್ಲ, ನಾಳೆಗೆ ಎಲ್ಲಾರೂ ಎದ್ದ ಕುಂದ್ರತೀರಿ—” ಎನ್ನುವಷ್ಟರಲ್ಲಿ ಅವರ ಗಂಟೆಯೂ ಬಾರಿಸಿತು. ಶಾಲನ್ನು ಸರಿಸಿ, ಮೈಕನ್ನು ನನ್ನ ಕೈಗೆ ಕೊಟ್ಟು, ಗಂಭೀರವಾಗಿ ನಡೆದು ಹೋದರು.

ಮಿರಜ ದವಾಖಾನೆಗಳ ಊರಾದ್ದರಿಂದ ಸಲೈನಿಗೆ ಕೊರತೆಯಾಗಲಿಲ್ಲ. ಅವರು ಹೇಳಿದಂತೆ ಮರುದಿನ ಎಲ್ಲರೂ ಎದ್ದು ಕೂತರು. ಎದ್ದು ಕೂತದ್ದೇ, ಯಾರ ತಪ್ಪು ಎಂದು ಕೇಳಿದರು.

ವಿಚಾರಣಾ ಸಮಿತಿ ನೇಮಕವಾಯಿತು. ಆಬಾ ಅಧ್ಯಕ್ಷರು, ಪ್ರಿನ್ಸಿಪಾಲರು ಸದಸ್ಯರು; ಬಾಸುಂದಿ ತಿನ್ನದೆ ಗಟ್ಟಿಮುಟ್ಟಾಗಿದ್ದ ಕಾರಣಕ್ಕೆ ನಾನು ಕಾರ್ಯದರ್ಶಿ. ಬಾಸುಂದಿ ತಿನ್ನದೆ ಗಟ್ಟಿಮುಟ್ಟಾಗಿದ್ದ ಕಾರಣಕ್ಕೇ ಮೊದಲ ಅರ್ಧ ತಾಸು ಸಂಶಯವೂ ನನ್ನ ಮೇಲೆಯೇ ಇತ್ತು. ಆಮೇಲೆ ಆಬಾ ಹೇಳಿದರು: “ಅಡಿಗಿ ಮಾಡಿದಾಕಿ ಮಾವಶಿ. ಕೈ ಹೊಲಸಿರಬೇಕು. ತೆಗದ ಹಾಕ್ರಿ. ವಿಷಯ ಸಂಪ್ಲಾ.” ಮರಾಠಿಯಲ್ಲಿ ಹೇಳಿದ್ದು ಮುಗಿದ ಮಾತೆಂದೇ ಲೆಕ್ಕ.

ಮಾವಶಿ ಬಾಗಿಲ ಹೊರಗೆ ನಿಂತಿದ್ದಳು. “ಕ್ಯಾಂಟೀನ ಹೋದ್ರ ಹೋಗ್ಲಿ ಅನ್ನಾಕ ನಂಗೇನ ಹೊಲಾ ಮನಿ ಐತೇನ್ರಿ?” ಎಂದು ನನ್ನನ್ನು ಕೇಳಿದಳು. “ಸಲಗರ್ಯಾಗಿಂದು ಮೈದುನರು ಹಂಚಕೊಂಡ ಕುಂತಾರ. ಅದೂ ಹೋಗ್ಲಿ. ವಿಷಾ ಉಣಿಸಿದಾಕಿ ಅಂತ ಒಮ್ಮೆ ಹೆಸರ ಬಂತಂದ್ರ, ಯಾರ ಮನಿ ಒಲಿ ಮುಂದ ನನ್ನ ಕುಂದರಸ್ತಾರ?”

ಅಷ್ಟರಲ್ಲಿ ಸರ್ ಬಂದರು. ನಿವೃತ್ತರಾಗಿದ್ದರೂ ಎರಡು ದಿನ ಪ್ರಯೋಗಾಲಯದಲ್ಲೇ ಕೂತಿದ್ದರು. ಪಾತೇಲಿಯಲ್ಲಿ ಉಳಿದದ್ದನ್ನು ಕುದಿಸಿದ್ದರಿಂದ ಅದರಲ್ಲಿ ಜೀವಂತ ಸಾಕ್ಷಿ ಇರಲಿಲ್ಲ. ಆದರೆ ದೇವರ ಮುಂದಿನ ವಾಟಿಯನ್ನು ಯಾರೂ ಕುದಿಸಿರಲಿಲ್ಲ. ಅಂದು ಬಾಸುಂದಿ ಅರ್ಪಿತವಾಗಿಯೂ ಆರೋಗ್ಯವಾಗಿದ್ದವನು ದೇವರೊಬ್ಬನೇ. ಆ ವಾಟಿಯನ್ನು ಕೈಮುಗಿದು ತೆಗೆದುಕೊಂಡು ಹೋಗಿ ಸರ್ ಪರೀಕ್ಷೆ ಮಾಡಿದ್ದರು.

ಗಾಜಿನ ತಟ್ಟೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು. “ಇದು ದೇವರ ವಾಟೀದು. ಬಂಗಾರದ ಬಣ್ಣದ ಚುಕ್ಕಿ ನೋಡ್ರಿ, ಸ್ಟೆಫ್. ಇದು ಮಾವಶಿ ಕೈಯಿಂದು, ಇದು ಆಕಿ ಮೂಗಿಂದು, ಎರಡರಾಗೂ ಇಲ್ಲ. ಇದು ನನ್ನ ಬೆರಳಿನ ಕೀವು. ಇದು ನನ್ನ ಮೂಗು. ಎರಡರಾಗೂ ಅದಽ ಬಂಗಾರ. ದೇವರ ವಾಟ್ಯಾಗಿಂದು ಯಾವ ಔಷಧಕ್ಕ ಸಾಯ್ತೈತಿ, ಯಾವುದಕ್ಕ ಜಗ್ಗೂದಿಲ್ಲ, ನನ್ನ ಬೆರಳಿಂದೂ ಹಂಗಽ. ಬಾಸುಂದಿ ಕೆಡಿಸಿದಾಂವ ನಾನು. ಬರಕೊಳ್ರಿ.”

ಆಬಾ ಅವರ ಕಣ್ಣಲ್ಲಿ ನೀರು ಬಂತು.

“ಎಂಥಾ ದೊಡ್ಡ ಮನಸ್ರಿ ಸರ್ ನಿಮ್ಮದು. ಬಡ ಹೆಣ್ಣಮಗಳ ಸಲುವಾಗಿ ತಪ್ಪ ತಮ್ಮ ಮ್ಯಾಲ ತಗೋಳಾಕ ಬಂದೀರಿ.”

“ಮನಸ ದೊಡ್ಡದಿಲ್ರಿ, ಬೆರಳ ದೊಡ್ಡದಾಗಿತ್ತು. ಕೀವು ತುಂಬಿತ್ತು.”

“ನೋಡ್ರಿ, ಈ ವಿನಯ!” ಎಂದು ಆಬಾ ಪ್ರಿನ್ಸಿಪಾಲರ ಕಡೆ ತಿರುಗಿದರು.

ಪ್ರಿನ್ಸಿಪಾಲರ ಕಷ್ಟ ಬೇರೆ. ಮೊನ್ನೆಯಷ್ಟೇ ಶಾಲು ಹೊದಿಸಿದ್ದಾರೆ; ಪೇಪರಿನಲ್ಲಿ ಫೋಟೊ ಬಂದಿದೆ. ಸೂಕ್ಷ್ಮಜೀವಶಾಸ್ತ್ರದ ಮುಖ್ಯಸ್ಥರೇ ಕಾಲೇಜಿಗೆಲ್ಲ ವಾಂತಿ ಮಾಡಿಸಿದರೆಂದು ಠರಾವು ಬರೆದರೆ ಮುಂದಿನ ವರ್ಷ ಆ ವಿಭಾಗಕ್ಕೆ ಯಾರು ಬರುತ್ತಾರೆ? “ಸರ್, ವೈಜ್ಞಾನಿಕವಾಗಿ ನೀವು ಹೇಳಿದ್ದು ಖರೇ ಇರಬಹುದು,” ಎಂದರು. “ಆದ್ರ ಶೋಭಿಸೂದಿಲ್ರಿ.”

ಮಾವಶಿಗೆ ಬಾಗಿಲಲ್ಲಿ ತಡೆಯಲಾಗಲಿಲ್ಲ. ಒಳಗೆ ಬಂದು, “ಸುಳ್ಳ ಯಾಕ ಹೇಳ್ಲಿ ಸಾಹೇಬ್ರ, ನಿಂಬಿಹಣ್ಣ ತೆಗೀರಿ ಅಂದಾಕಿ ನಾನಽ. ಹಾಲ ಒಡದೀತಂತ ಅಂದ್ನಿ,” ಎಂದಳು.

ಆಬಾ ಮೇಜು ಗುದ್ದಿದರು. “ಸಿಕ್ತಲ್ಲಾ! ಸರ್ ಬಂದೋಬಸ್ತ್ ಮಾಡಕೊಂಡಽ ಬಂದಿದ್ರು. ತೆಗಿಸಿದಾಕಿ ಈಕಿ.” ಮಾವಶಿಯನ್ನು ತೆಗೆಯುವ ಠರಾವನ್ನು ನಾಳೆಗೆ ಬರೆದು ತರಬೇಕೆಂದು ನನಗೆ ಹುಕುಂ ಆಯಿತು.

ಅಂದು ಸರ್ ಜೊತೆ ಮನೆಯ ಕಡೆ ನಡೆದು ಬಂದೆ. ಬಹಳ ನೊಂದಿದ್ದರು. “ನನ್ನ ಕೈ ಕೆಳಗ ಹುಡುಗ್ರು ಸುಳ್ಳ ಉತ್ತರ ಬರದ್ರ ಸೊನ್ನಿ ಹಾಕಿದೇನಿ. ಖರೇ ಉತ್ತರ ಬರದಾವ್ರಿಗೆ ‘ಶೋ‌ಭಿಸೂದಿಲ್ಲ’ ಅಂತ ಯಾರಿಗೂ ಸೊನ್ನಿ ಹಾಕಿಲ್ಲ,” ಎಂದರು. ಸ್ವಲ್ಪ ದೂರ ನಡೆದ ಮೇಲೆ ಮತ್ತೆ: “ಒಂದ ಸೀದಾ ಸಾದಾ ಜಂತು ಕಾಲೇಜಿನಾವ್ರ ಹೊಟ್ಟಿ ಒಂದ ದಿನ ಕೆಡಸ್ತು. ಇವ್ರು ಒಂದ ಹೆಣ್ಣಮಗಳ ಬಾಳೇ ಕೆಡಸಾಕ ಹೊಂಟಾರ. ಯಾವುದಕ್ಕ ಔಷಧ ಐತಿ ಹೇಳ್ರಿ?”

ಮರುದಿನ ಸಮಿತಿ ಸೇರಿತು. ನಾನು ಬರೆದು ತಂದ ಠರಾವು ಆಬಾ ಅವರ ಮುಂದಿತ್ತು. ಅವರು ಪೆನ್ನು ತೆಗೆದಿದ್ದರು. ಆಗ ಸರ್ ಮೊಣಕೈಯಿಂದ ಬಾಗಿಲು ದೂಡಿಕೊಂಡು ಒಳಗೆ ಬಂದರು. ಎರಡೂ ಕೈಯಲ್ಲಿ ಒಂದೊಂದು ಸ್ಟೀಲಿನ ಡಬ್ಬಿ. ಹಿಂದೆ ವಾಟಿ ಚಮಚೆ ಹಿಡಿದ ಮಾವಶಿ. ಒಂದು ಡಬ್ಬಿಯಿಂದ ಎರಡು ವಾಟಿ, ಇನ್ನೊಂದರಿಂದ ಎರಡು ವಾಟಿ ಬಡಿಸಿ ಮೇಜಿನ ಮೇಲಿಟ್ಟರು. ಬಾಸುಂದಿ. ಪ್ರಿನ್ಸಿಪಾಲರು ಕುರ್ಚಿಯನ್ನು ಹಿಂದಕ್ಕೆ ಸರಿಸಿದರು.

“ಈ ಕಡೆ ಇದ್ದದ್ದು ಮಾವಶಿ ಒಬ್ಬಾಕಿನ ಮಾಡಿದ್ದು,” ಎಂದರು ಸರ್. “ಈ ಕಡೆ ಇದ್ದದ್ದು ನಾ ಹದ ನೋಡಿದ್ದು ಅಂತ ತಿಳಕೊಳ್ರಿ. ಆಕಿ ಕೈ ಹೊಲಸ, ನನ್ನ ಕೈ ಪವಿತ್ರ ಅಂತ ನೀವಽ ಠರಾವ ಮಾಡೀರಿ. ಭಾಳ ಚಲೋ. ನನ್ನ ವಾಟಿ ಮುಗಸ್ರಿ, ಸಹಿ ಮಾಡ್ರಿ. ನಾ ಹೊಳ್ಳಿ ಮಾತಾಡೂದಿಲ್ಲ.”

ಆಬಾ ನನ್ನ ಕಡೆ ನೋಡಿದರು. ನಾನು ನನ್ನ ಸಕ್ಕರೆ ಕಾಯಿಲೆಯನ್ನು ಜ್ಞಾಪಿಸಿದೆ.

“ನಂಗೂ ಸ್ವಲ್ಪ ಸಕ್ರಿ ಐತಿ,” ಎಂದರು ಆಬಾ.

“ಮೊನ್ನೆ ಮೂರ ವಾಟಿ ಹೊಡದ್ರೆಲ್ರಿ ಆಬಾ,” ಎಂದಳು ಮಾವಶಿ.

“ಯಾವುದರೆ ಒಂದು ರುಚಿ ನೋಡಿ ಮುಗಸ್ರಿ ಆಬಾ,” ಎಂದು ಪ್ರಿನ್ಸಿಪಾಲರು ಪಿಸುಗುಟ್ಟಿದರು. “ಅಂಜಿದ್ರು ಅಂದಾರು.”

ಅಂಜಿದರೆಂದು ಹೇಳಿಸಿಕೊಳ್ಳುವುದು ಸಿಮೆಂಟಿನ ವ್ಯಾಪಾರಿಗೆ ಒಳ್ಳೆಯದಲ್ಲ. ಆಬಾ ಪೆನ್ನು ಕೆಳಗಿಟ್ಟರು. ಅವರ ಕೈ ಮೇಜಿನ ಮೇಲೆ ಬಂತು. ಸರ್ ಅವರ ವಾಟಿಯ ಹತ್ತಿರ ಹೋಯಿತು, ನಿಂತಿತು, ಅದನ್ನು ಗೌರವದಿಂದ ಬಳಸಿಕೊಂಡು ಮುಂದೆ ಹೋಗಿ ಮಾವಶಿಯ ವಾಟಿಯನ್ನು ತನ್ನ ಕಡೆ ಎಳೆದುಕೊಂಡಿತು. ಒಂದು ಚಮಚೆ ತಿಂದರು. ಪ್ರಿನ್ಸಿಪಾಲರೂ ಆ ಕಡೆಯ ಇನ್ನೊಂದು ವಾಟಿಗೇ ಕೈ ಹಾಕಿದರು.

“ಬರಕೊಳ್ರಿ,” ಎಂದರು ಸರ್ ನನಗೆ.

“ಏನಂತರಿ?”

“ಸಮಿತಿ ಆರೋಪಿ ಕೈಯಿಂದು ಉಂಡಿತು, ಮಹಾನುಭಾವನ ಕೈಯಿಂದು ಮುಟ್ಟಲಿಲ್ಲ ಅಂತ.” ಹಾಗೆಂದವರೇ ತಮ್ಮ ಕಡೆಯ ವಾಟಿಯನ್ನು ಎತ್ತಿ ತಿನ್ನತೊಡಗಿದರು.

“ಸರ್! ಬ್ಯಾಡ್ರಿ!” ಎಂದು ಮೂವರೂ ಒಟ್ಟಿಗೆ ಎದ್ದೆವು. ಆಬಾ ಅವರಂತೂ ಕೈಯನ್ನೇ ಹಿಡಿದುಕೊಂಡರು.

“ಕುಂದ್ರಿ, ಕುಂದ್ರಿ. ಎರಡೂ ಇವತ್ತ ಮುಂಜಾನೆ ಒಂದಽ ಪಾತೇಲ್ಯಾಗ ಮಾವಶಿ ಮಾಡಿದ್ದು. ನಾ ಬೆರಳ ಅಲ್ಲ, ನೆರಳ ಸುದ್ದ ಹಾಕಿಲ್ಲ.”

ಆಬಾ ವಾಟಿಯನ್ನು ಕೆಳಗಿಟ್ಟರು. ಮಾವಶಿ ಮುಂದೆ ಬಂದು, ಏನೂ ಆಗಿಲ್ಲವೆಂಬ ಹಾಗೆ, “ಸಕ್ರಿ ಹೆಂಗಾಗೈತ್ರಿ ಸಾಹೇಬ್ರ?” ಎಂದು ಕೇಳಿದಳು.

“ಬರೋಬರಿ ಆಗೈತಿ,” ಎಂದರು ಆಬಾ. ಠರಾವನ್ನು ಮಡಿಸಿ ಕಿಸೆಗೆ ಹಾಕಿಕೊಂಡರು.

ಸಮಿತಿಗೆ ಏನಾದರೂ ಬರೆಯಲೇಬೇಕಲ್ಲ. ಸಂಜೆಯೊಳಗೆ ನಾವು ಒಂದು ನಿರ್ಣಯಕ್ಕೆ ಬಂದೆವು: ಹವಾಮಾನದ ವೈಪರೀತ್ಯದಿಂದ ಹಾಲು ಕೆಟ್ಟಿತು, ಯಾರದೂ ತಪ್ಪಿಲ್ಲ. ಹವಾಮಾನಕ್ಕೆ ಎಚ್ಚರಿಕೆ ಕೊಡುವ ಅಧಿಕಾರ ನಮಗಿಲ್ಲದ್ದರಿಂದ ಅಲ್ಲಿಗೇ ಬಿಟ್ಟೆವು. ಸರ್ ಅದನ್ನು ಓದಿ, “ಮಾವಶಿ ಉಳದ್ಳು, ಸಾಕು,” ಎಂದರು. ಆದರೆ ಅವರ ಮುಖದಲ್ಲಿ, ಸರಿ ಉತ್ತರ ಬರೆದೂ ನಪಾಸಾದ ಹುಡುಗನ ಕಳೆ ಇತ್ತು.

ಮರುದಿನ ಬೆಳಿಗ್ಗೆ ಇಬ್ಬರೂ ಚಾ ಕುಡಿಯಲು ಕ್ಯಾಂಟೀನಿಗೆ ಹೋದೆವು. ನಾನು ಒಳಗೆ ಹೋದೆ. ಸರ್ ಹೊಸ್ತಿಲಿಗೆ ಕಾಲಿಡುವಷ್ಟರಲ್ಲಿ ಮಾವಶಿ ಒಂದು ಬೆಂಚನ್ನು ಅಡ್ಡ ಎಳೆದಳು.

“ಅಲ್ಲೇ ನಿಂದರ್ರಿ ಸರ್. ಚಾ ಅಲ್ಲಿಗೇ ತರತೇನಿ. ಒಳಗ ಪಾತೇಲಿ ಅದಾವ.”

ಸರ್ ತಬ್ಬಿಬ್ಬಾಗಿ ತೋರುಬೆರಳನ್ನು ಎತ್ತಿ ತೋರಿಸಿದರು. “ಬೆರಳ ಮಾದೈತಿ ಮಾವಶಿ. ನೋಡ.”

“ಮಾಯಲಿ ಬಿಡ್ರಿ. ಮೂಗ ಐತೆಲ್ಲ? ನೀವಽ ಹೇಳಿದ್ರಿ, ಅದರಾಗೂ ಬಂಗಾರ ಐತಿ ಅಂತ.”

ಇವರು ನೊಂದುಕೊಳ್ಳುತ್ತಾರೆಂದು ನಾನು ಎದ್ದು ಬಂದೆ. ಸರ್ ಬಿಸಿಲಿನಲ್ಲಿ ನಿಂತಿದ್ದರು. ಮೊನ್ನೆ ಶಾಲು ಹೊದಿಸುವಾಗಲೂ ಅವರ ಮುಖ ಅಷ್ಟು ಅರಳಿರಲಿಲ್ಲ.

“ಕೇಳಿದ್ರೇನು?” ಎಂದರು. “ಇಡೀ ಸಂಸ್ಥಾದಾಗ ನನ್ನ ಪಾಠ ತಿಳಕೊಂಡಾಕಿ ಈಕಿ ಒಬ್ಬಾಕಿ.”

ಆಮೇಲೆ ಕಾಲಲ್ಲಿ ಶಕ್ತಿ ಇರುವವರೆಗೆ ಅವರು ಬೆಳಗಿನ ಚಾಕ್ಕೆ ಅಲ್ಲಿಗೇ ಬರುತ್ತಿದ್ದರು, ಬೆಂಚಿನ ಆಚೆಯೇ ನಿಂತು ಕುಡಿಯುತ್ತಿದ್ದರು. ಹೊಸದಾಗಿ ಬಂದ ಯಾರಾದರೂ ಕರುಣೆಯಿಂದ, “ಒಳಗ ಬರ್ರಿ ಸರ್, ಕುರ್ಚಿ ಖಾಲಿ ಅದಾವ,” ಎಂದು ಕರೆದರೆ, ಕಪ್ಪನ್ನು ಎದೆಯ ಹತ್ತಿರ ಹಿಡಿದುಕೊಂಡು, “ಬರಾಕ ಆಗೂದಿಲ್ರಿ, ಶಿಕ್ಷಾ ಐತಿ,” ಎನ್ನುತ್ತಿದ್ದರು.